ನೀರು 97ಕ್ಕೇ ಕುದಿಯಿತು, ನಾನು 100 ಅಂತ ಬರೆಸಿದೆ

ಚಿಕ್ಕಬಳ್ಳಾಪುರದ ಮೇಷ್ಟ್ರು | ಸೋಮವಾರ, ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನಾನು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟರವರೆಗೆ ವಿಜ್ಞಾನ ತಗೊಳ್ತೀನಿ. ಮೂರು ದಿನದಿಂದ ಒಂದು ವಿಷಯ ಮನಸ್ಸನ್ನ ಕೊರೀತಾ ಇದೆ, ಅದಕ್ಕೇ ಬರೀತಿದ್ದೀನಿ.

ಏಳನೇ ತರಗತಿಗೆ ಶಾಖದ ಪಾಠ ನಡೀತಿದೆ. ಸ್ಪಿರಿಟ್ ಲ್ಯಾಂಪಿಗೆ ಸ್ಪಿರಿಟ್ ಇರಲಿಲ್ಲ. ಬಿಸಿಯೂಟದ ಅಡುಗೆಮನೆಗೆ ಹೋಗಿ, ಅಕ್ಕನ ಹತ್ರ ಅರ್ಧ ಗಂಟೆ ಒಂದು ಒಲೆ ಕೇಳಿ ತಗೊಂಡ್ವಿ. ಸಣ್ಣ ಪಾತ್ರೆಯಲ್ಲಿ ಅರ್ಧ ಲೀಟರ್ ನೀರು. ಥರ್ಮಾಮೀಟರಿಗೆ ದಾರ ಕಟ್ಟಿ, ಅಡ್ಡ ಇಟ್ಟ ಉದ್ದ ಸೌಟಿನಿಂದ ನೇತುಹಾಕಿದ್ವಿ. ಒಬ್ಬಳು ಗಡಿಯಾರ ನೋಡ್ತಾ ನಿಮಿಷಕ್ಕೊಂದು ಸಲ 'ಹೂಂ' ಅನ್ನೋದು, ಒಬ್ಬ ಓದೋದು, ಉಳಿದವರು ಬರ್ಕೊಳ್ಳೋದು. 26, 38, 51, 64, 76, 87, 95, 97. ಆಮೇಲೆ 97, 97, 97.

ಓದ್ತಿದ್ದ ಹುಡುಗ ತಿರುಗಿ, 'ಸಾರ್, 97ಕ್ಕೇ ನಿಂತ್ಬಿಟ್ಟೈತೆ' ಅಂದ. ನೀರು ಕೊತಕೊತ ಕುದೀತಿದೆ. ನಾನು ಯೋಚನೆ ಮಾಡದೆ 'ಥರ್ಮಾಮೀಟರ್ ಹಳೇದು ಕಣೋ, 100 ಅಂತ ಬರ್ಕೊಳ್ಳಿ' ಅಂದೆ. ಅವನು ಇನ್ನೊಂದು ಕೇಳಿದ: 'ಉರಿ ಹಂಗೇ ಐತಲ್ಲ ಸಾರ್, ಮತ್ತ್ಯಾಕೆ ಏರ್ತಿಲ್ಲ?' ಅದಕ್ಕೂ 'ಆಮೇಲೆ ಹೇಳ್ತೀನಿ' ಅಂದುಬಿಟ್ಟೆ.

ಸಂಜೆ ನೋಟ್‌ಬುಕ್ ತಿದ್ದುವಾಗ ಒಂದು ಹುಡುಗಿಯ ಪಟ್ಟಿ ನೋಡಿದೆ. ನಾನು ಹೇಳಿದ ಜಾಗದಲ್ಲಿ ಮಾತ್ರ ರಬ್ಬರ್ ಹಾಕಿ 100 ಮಾಡಿದ್ದಾಳೆ, ಮುಂದಿನದನ್ನ ಮುಟ್ಟಿಲ್ಲ. 87, 95, 100, 97, 97, 97. ಒಲೆ ಮೇಲಿರೋ ನೀರು ನೂರಕ್ಕೆ ಏರಿ, ಮತ್ತೆ ತಾನೇ ಮೂರು ಡಿಗ್ರಿ ಇಳಿದು ನಿಂತ ಹಾಗೆ. ಅದನ್ನ ನೋಡಿ ತುಂಬ ಹೊತ್ತು ಸುಮ್ಮನೆ ಕೂತಿದ್ದೆ.

ನಮ್ಮೂರು ಸಮುದ್ರ ಮಟ್ಟದಿಂದ ಹೆಚ್ಚುಕಡಿಮೆ 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು 97ರ ಹತ್ರವೇ ಕುದೀಬೇಕು. ಮಕ್ಕಳು ಓದಿದ್ದು ಸರಿಯಾಗೇ ಇತ್ತು. ಈಗ ವಾಪಸ್ ಹೋಗಿ ಹೇಗೆ ಹೇಳಲಿ? ಏಳನೇ ಕ್ಲಾಸಿನ ಮಕ್ಕಳಿಗೆ ಗಾಳಿಯ ಒತ್ತಡ ಅಂತ ಹೇಳಿದ್ರೆ ಅರ್ಥ ಆಗೋ ಹಾಗೆ ಏನು ಮಾಡ್ತೀರಿ ನೀವು?


ಉಡುಪಿ ಟೀಚರ್ | ಸೋಮವಾರ, ರಾತ್ರಿ 9:52

ಸರ್, ಆ ಹುಡುಗಿಯ ಪಟ್ಟಿ ಓದಿ ನನಗೂ ಸಂಕಟ ಆಯಿತು. ನಾನೂ ಇಂಥದ್ದು ಮಾಡಿದ್ದೇನೆ. ದಾಸವಾಳದ ರಸಕ್ಕೆ ಸೋಪಿನ ನೀರು ಹಾಕಿದಾಗ ಒಬ್ಬನಿಗೆ ಹಸಿರು ಬರಲಿಲ್ಲ, ಕಂದು ಬಂತು. 'ಹಸಿರು ಅಂತ ಬರಿ' ಎಂದೆ. ರಸ ಹಿಂದಿನ ದಿನದ್ದು, ಹಾಳಾಗಿತ್ತು. ಅವನು ಕಂದು ಎಂದು ಬರೆದು 'ಯಾಕೆ' ಎಂದು ಕೇಳಿದ್ದರೆ ಅದೇ ಒಂದು ಪಾಠ ಆಗುತ್ತಿತ್ತು.

ನಾಳೆ ತರಗತಿಗೆ ಹೋಗಿ ಮೊದಲು 'ನೀವು ಬರೆದದ್ದೇ ಸರಿ, ನಾನು ತಿದ್ದಿಸಿದ್ದು ತಪ್ಪು' ಎಂದು ಹೇಳಿ. ಕಾರಣ ಆಮೇಲೆ ಹೇಳಿದರಾಯಿತು. ಮತ್ತೆ, ಉರಿ ಇದ್ದರೂ ಯಾಕೆ ಏರುವುದಿಲ್ಲ ಎಂದು ಕೇಳಿದ ಹುಡುಗನನ್ನು ಮರೆಯಬೇಡಿ. 97ಕ್ಕಿಂತ ಅವನ ಪ್ರಶ್ನೆಯೇ ದೊಡ್ಡದು. ಕೊಟ್ಟ ಶಾಖವೆಲ್ಲ ನೀರನ್ನು ಆವಿ ಮಾಡಲಿಕ್ಕೇ ಖರ್ಚಾಗುತ್ತದೆ ಎಂಬುದು ಪುಸ್ತಕದಲ್ಲಿ ಒಂದೇ ಸಾಲು. ಅವನಿಗೆ ಅದು ಕಣ್ಣಮುಂದೆ ಕಂಡಿದೆ.


ಕಲಬುರಗಿ ಬಿಸಿಲು | ಸೋಮವಾರ, ರಾತ್ರಿ 10:15

ಸರ್, ಓದಿ ಮನಸ್ಸಿಗಿ ಹತ್ತಿತು ನೋಡ್ರಿ. ನಾ ಒಂದು ರೂಢಿ ಮಾಡ್ಕೊಂಡೀನಿ. ಪ್ರಯೋಗಕ್ಕ ಮೊದಲ ಎಲ್ಲಾ ಹುಡುಗ್ರು 'ಏನಾಗ್ತದ' ಅಂತ ತಮ್ಮ ಊಹೆ ಬರದು, ಕೆಳಗ ಗೆರಿ ಹೊಡೀಬೇಕು. ಪ್ರಯೋಗ ಆದ ಮ್ಯಾಲೆ ಗೆರಿ ಮ್ಯಾಲಿಂದು ಅಳಸೂ ಹಂಗಿಲ್ಲ. ತಪ್ಪಿದ್ರೂ ಇರ್ಲಿ. ಊಹಾ ತಪ್ಪಿದವನೇ ಜಾಸ್ತಿ ಗಮನ ಇಟ್ಟು ನೋಡ್ತಾನ. ಮೊದಲ ಉತ್ತರ ಹೇಳಿಬಿಟ್ರ ಹುಡುಗ್ರು ನೀರ ಕಡಿ ನೋಡೂದಿಲ್ಲ, ನಮ್ಮ ಮಾರಿ ನೋಡ್ತಾವ.

ಇನ್ನೊಂದು. ಕುದಿಯೂದು ಅಂದ್ರ ಯಾವುದು ಅಂತ ಮೊದಲ ಕೇಳ್ರಿ. ಸಣ್ಣ ಗುಳ್ಳಿ ತಳದಾಗ ಕಂಡ ಕೂಡಲೇ 'ಕುದೀತ್ರಿ' ಅಂತಾವ. ಅವು ನೀರಾಗ ಕರಗಿದ ಗಾಳಿ, ಹೊರಗ ಬರ್ತಿರ್ತದ. ಆಮ್ಯಾಲೆ ಸೊಂಯ್ ಅಂತ ಸಪ್ಪಳ ಬರ್ತದ. ಕಡೀಕ ದೊಡ್ಡ ಗುಳ್ಳಿ ಎದ್ದು ಮ್ಯಾಲ ಬಂದು ಒಡೀತಾವ. ನಮ್ಮ ಅಡಗಿ ಮಾಡೂ ಅಕ್ಕಗ ಇದು ಛಲೋ ಗೊತ್ತದ, 'ಇನ್ನಾ ಎಸರು ಬಂದಿಲ್ಲ' ಅಂತಾಳ. ಆ ದೊಡ್ಡ ಗುಳ್ಳಿಯಾಗ ಏನದ ಅಂತ ಎಂಟನೇ ಕ್ಲಾಸಿನ ಹುಡುಗ್ರಿಗಿ ಕೇಳಿದ್ರ ಮುಕ್ಕಾಲು ಮಂದಿ 'ಗಾಳಿ' ಅಂತಾರ. ಅದು ನೀರಿನ ಆವಿ ಅಂತ ಹೇಳಿದ್ರ ನಂಬಾಕ ತಯಾರಿಲ್ಲ.


ಹೈಸ್ಕೂಲ್ ಭೌತಶಾಸ್ತ್ರ | ಮಂಗಳವಾರ, ಬೆಳಗ್ಗೆ 6:40

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಬೇಜಾರು ಮಾಡ್ಕೋಬೇಡಿ. ಏಳನೇ ತರಗತಿಗೆ 100 ಅನ್ನೋದು ಗಟ್ಟಿಯಾಗಿ ಕೂತರೆ ಸಾಕು. ಎತ್ತರ, ಒತ್ತಡ, ಎಲ್ಲ ಒಟ್ಟಿಗೆ ಸುರಿದರೆ ಮಗು ಯಾವುದನ್ನೂ ಹಿಡ್ಕೊಳ್ಳಲ್ಲ. ಒಂಬತ್ತನೇ ಕ್ಲಾಸಿಗೆ ನನ್ನ ಹತ್ರ ಬರೋ ಮಕ್ಕಳಲ್ಲಿ ಅರ್ಧದಷ್ಟು ಜನಕ್ಕೆ ಥರ್ಮಾಮೀಟರಿನ ಎರಡು ಗೆರೆ ನಡುವೆ ಎಷ್ಟು ಅಂತ ಓದೋಕೇ ಬರಲ್ಲ. ಮೊದಲು ಅದನ್ನ ಕಲಿಸಿ.

ಹಾಗೆಯೇ, 97 ಬಂದ ಮಾತ್ರಕ್ಕೆ ಎತ್ತರವೇ ಕಾರಣ ಅಂತ ಈಗಲೇ ತೀರ್ಮಾನ ಮಾಡೋದೂ ಅವಸರ. ಶಾಲೆಗಳಿಗೆ ಬರೋ ಥರ್ಮಾಮೀಟರ್ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ಇರುತ್ತೆ. ಐಸ್ ಪುಡಿ ಮಾಡಿ, ಸ್ವಲ್ಪ ನೀರು ಹಾಕಿ, ಅದರಲ್ಲಿ ಐದು ನಿಮಿಷ ಇಟ್ಟು ನೋಡಿ. ಸೊನ್ನೆ ತೋರಿಸಿದರೆ ಆ ತುದಿಯಲ್ಲಿ ತಪ್ಪಿಲ್ಲ ಅಂತಾಯ್ತು. ಅಲ್ಲಿ 2 ತೋರಿಸಿದರೆ ಕುದಿಯೋ ನೀರಿನ ಲೆಕ್ಕದಲ್ಲೂ ಅದನ್ನ ಕಳೀಬೇಕಾಗಬಹುದು.


ಚಿಕ್ಕಬಳ್ಳಾಪುರದ ಮೇಷ್ಟ್ರು | ಮಂಗಳವಾರ, ಬೆಳಗ್ಗೆ 7:05

ಸರ್, ಐಸ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಇವತ್ತೇ ಬೇಕರಿಯಿಂದ ತರ್ತೀನಿ. ಆದರೆ 100 ಸಾಕು ಅನ್ನೋದನ್ನ ಮಾತ್ರ ಒಪ್ಪೋಕಾಗ್ತಿಲ್ಲ. ಓದೋಕೆ ಬರಲ್ಲ ಅಂತ ನೀವೇ ಹೇಳಿದ್ರಿ. ಸರಿಯಾಗಿ ಓದಿದ ಹುಡುಗನಿಗೆ ನಾನು 'ನೀನು ಓದಿದ್ದು ಸುಳ್ಳು' ಅಂದೆ. ಮುಂದಿನ ಸಲ ಅವನು ಯಾಕೆ ಕಷ್ಟಪಟ್ಟು ಓದ್ತಾನೆ? ಪುಸ್ತಕ ನೋಡಿ ಬರ್ಕೊಳ್ತಾನೆ ಅಷ್ಟೇ.


ನಿವೃತ್ತ ಮುಖ್ಯೋಪಾಧ್ಯಾಯ | ಮಂಗಳವಾರ, ಬೆಳಗ್ಗೆ 8:30

ಮೇಷ್ಟ್ರೇ, ನಿಮ್ಮ ಹುಡುಗರು ಕಂಡದ್ದನ್ನು 1742ರಲ್ಲೇ ಒಬ್ಬರು ಕಂಡಿದ್ದರು. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ತಮ್ಮ ಮಾಪಕವನ್ನು ವಿವರಿಸುವಾಗಲೇ ನೀರು ಕುದಿಯುವ ಬಿಂದು ಗಾಳಿಯ ಒತ್ತಡದ ಜೊತೆ ಬದಲಾಗುತ್ತದೆ ಎಂದು ಅಳೆದು ಹೇಳಿದ್ದರು. ಅವರ ಮಾಪಕದಲ್ಲಿ ಕುದಿಯುವುದಕ್ಕೆ 0, ಹೆಪ್ಪುಗಟ್ಟುವುದಕ್ಕೆ 100 ಇತ್ತು, ತಿರುಗಿಸಿದ್ದು ಅವರ ನಂತರ. ಮಕ್ಕಳಿಗೆ ಇದನ್ನು ಹೇಳಿ. ಆ 100 ಮೊದಲಿಂದಲೂ 'ಇಂತಿಷ್ಟು ಒತ್ತಡವಿದ್ದಾಗ' ಎಂಬ ಷರತ್ತಿನ ಜೊತೆಗೇ ಬಂದದ್ದು. ಪಾಠ ಮಾಡುತ್ತಾ ಮಾಡುತ್ತಾ ನಾವು ಷರತ್ತನ್ನು ಕೈಬಿಟ್ಟೆವು.

ಹಿಂದೆ ಸರ್ವೆ ಮಾಡುವವರು ಬೆಟ್ಟದ ಮೇಲೆ ನೀರು ಕುದಿಸಿ, ಆ ಅಂಕಿಯಿಂದ ಬೆಟ್ಟದ ಎತ್ತರವನ್ನೇ ಲೆಕ್ಕ ಹಾಕುತ್ತಿದ್ದರು. ಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ ಎಂಬ ಅಂದಾಜು ಸಾಕು. ನಿಮ್ಮ 900 ಮೀಟರಿಗೆ ಮೂರು ಡಿಗ್ರಿ. ಏಳನೇ ತರಗತಿಗೆ ಈ ಭಾಗಾಕಾರ ಕಷ್ಟವಲ್ಲ.


ಡೆನ್ವರ್ ಕನ್ನಡಿಗ | ಮಂಗಳವಾರ, ಬೆಳಗ್ಗೆ 9:10

ನಾನು ಶಿಕ್ಷಕ ಅಲ್ಲ. ಇರೋ ಊರು 1600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 95ಕ್ಕೇ ಕುದಿಯುತ್ತೆ. ಬಂದ ಹೊಸದರಲ್ಲಿ ಕುಕ್ಕರ್ ಇರಲಿಲ್ಲ. ತೊಗರಿಬೇಳೆ ಎಷ್ಟು ಹೊತ್ತು ಬೇಯಿಸಿದರೂ ಗಟ್ಟಿ. ಬೇಳೆ ಹಳೇದು ಅಂತ ಎರಡು ಸಲ ಅಂಗಡಿ ಬದಲಿಸಿದೆವು. ನನಗೂ ಶಾಲೆಯಲ್ಲಿ 100 ಅಂತಷ್ಟೇ ಹೇಳಿದ್ದರು.


ಚಾಮರಾಜನಗರ ಟೀಚರ್ | ಮಂಗಳವಾರ, ಮಧ್ಯಾಹ್ನ 1:25

ಎಲ್ಲರೂ ಚೆನ್ನಾಗಿ ಹೇಳ್ತಿದ್ದೀರಿ, ಓದೋಕೆ ಸಂತೋಷ ಆಗುತ್ತೆ. ಆದರೆ ನಮ್ಮ ಶಾಲೆಯಲ್ಲಿ ಏಳು ತರಗತಿಗೆ ನಾವು ಇಬ್ಬರೇ. ನಾನು ಆರು–ಏಳಕ್ಕೆ ವಿಜ್ಞಾನ, ಗಣಿತ ಎರಡೂ ತಗೊಂಡು, ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ನಲಿಕಲಿ ಮಕ್ಕಳನ್ನೂ ನೋಡ್ಕೋಬೇಕು. ಒಲೆ ಹಚ್ಚಿ ಅರ್ಧ ಗಂಟೆ ನಿಲ್ಲೋಕೆ ಆಗಲ್ಲ. ಆ ಕಡೆ ಒಂದು ಮಗು ಬಿದ್ದರೆ ಯಾರು ನೋಡ್ತಾರೆ? ಪ್ರಯೋಗ ಬೇಡ ಅಂತಲ್ಲ. ಹತ್ತು ನಿಮಿಷದಲ್ಲಿ ಆಗೋದು, ಬೆಂಕಿ ಇಲ್ಲದ್ದು ಇದ್ದರೆ ಹೇಳಿ.


ಬಿ.ಎಡ್. ವಿದ್ಯಾರ್ಥಿನಿ, ಮೈಸೂರು | ಮಂಗಳವಾರ, ಸಂಜೆ 4:50

ಮೇಡಂ, ಬೋಧನಾಭ್ಯಾಸಕ್ಕೆ ಹೋದಾಗ ನಾನು ಮಾಡಿದ್ದು ಹೇಳ್ತೀನಿ. ಒಂದು ಶೆಲ್, ಒಂದು ಟಾರ್ಚ್ ಬಲ್ಬು, ಒಂದೇ ಒಂದು ತಂತಿ. ಬೋರ್ಡ್ ಮೇಲೆ ನಾಲ್ಕು ಚಿತ್ರ ಬರೆದೆ, ಯಾವುದರಲ್ಲಿ ಬಲ್ಬು ಹತ್ತುತ್ತೆ ಅಂತ ಕೈ ಎತ್ತಿಸಿದೆ. ವಿದ್ಯುತ್ ಮಂಡಲ ಅಂದ್ರೆ ಏನು ಅಂತ ಗಡಗಡ ಹೇಳೋ ಎಂಟನೇ ಕ್ಲಾಸಿನ ಮಕ್ಕಳಲ್ಲಿ ಹೆಚ್ಚಿನವರು ಆರಿಸಿದ್ದು, ಶೆಲ್ಲಿನ ಮೇಲಿನ ತುದಿಯಿಂದ ಬಲ್ಬಿನ ಕೆಳಗಿನ ಚುಕ್ಕೆಗೆ ಒಂದೇ ತಂತಿ ಹೋಗೋ ಚಿತ್ರ. ನಲ್ಲಿಯಿಂದ ಬಕೆಟ್ಟಿಗೆ ನೀರು ಬರೋ ಹಾಗೆ ಕರೆಂಟು ಬರುತ್ತೆ ಅನ್ನೋದು ಅವರ ಲೆಕ್ಕ. ಮನೆಯಲ್ಲಿ ಪ್ಲಗ್ಗಿಗೆ ಹೋಗೋ ವೈರು ಹೊರಗಿಂದ ಒಂದೇ ಥರ ಕಾಣುತ್ತಲ್ಲ, ಒಳಗೆ ಎರಡು ಇರೋದು ಗೊತ್ತಿಲ್ಲ.

ಆಮೇಲೆ ಗುಂಪಿಗೊಂದು ಜೊತೆ ಕೊಟ್ಟೆ. ಏಳೆಂಟು ನಿಮಿಷ ಗಲಾಟೆ. ಒಬ್ಬ ಹುಡುಗಿ ಬಲ್ಬಿನ ಲೋಹದ ಕುತ್ತಿಗೆಗೆ ತಂತಿ ಸುತ್ತಿ, ಬಲ್ಬಿನ ಚುಕ್ಕೆಯನ್ನ ಶೆಲ್ಲಿನ ಮೇಲೇ ನಿಲ್ಲಿಸಿ, ತಂತಿಯ ಇನ್ನೊಂದು ತುದಿಯನ್ನ ಅಡಿಗೆ ಒತ್ತಿದಳು. ಹತ್ತಿತು! ಅವಳು ಮಾತೇ ಆಡದೆ ತೆಗೆದು, ಮತ್ತೆ ಒತ್ತಿ, ಮತ್ತೆ ತೆಗೆದು, ಹಾಗೇ ನೋಡ್ತಾ ಕೂತಳು. ನಾನು ಆ ಮುಖವನ್ನ ಮರೆಯಲ್ಲ.

ಒಂದು ತೊಂದರೆ ಅಂದ್ರೆ ಈಗ ಅಂಗಡಿಗಳಲ್ಲಿ ಆ ಬಲ್ಬು ಸಿಗೋದು ಕಷ್ಟ, ಎಲ್ಲ ಎಲ್‌ಇಡಿ. ಎಲ್‌ಇಡಿ 1.5 ವೋಲ್ಟಿನ ಒಂದು ಶೆಲ್ಲಿಗೆ ಸರಿಯಾಗಿ ಹತ್ತಲ್ಲ, ಎರಡು ಬೇಕು, ಉದ್ದದ ಕಾಲು ಪ್ಲಸ್ ಕಡೆಗೇ ಇರಬೇಕು. ಇದಕ್ಕೆ ಹಳೇ ಬಲ್ಬೇ ಒಳ್ಳೇದು. ಹಳೇ ಟಾರ್ಚ್‌ಗಳನ್ನ ಮಕ್ಕಳ ಮನೆಯಿಂದಲೇ ತರಿಸಿದ್ವಿ. ಮನೆಯ ಪ್ಲಗ್ಗಿಗೆ ಯಾರೂ ತಂತಿ ಹಾಕಬಾರದು ಅಂತ ಮೊದಲೇ ಮೂರು ಸಲ ಹೇಳಿಸಿ. ಶೆಲ್ಲಿನ ಎರಡು ತುದಿಗೆ ಬರೀ ತಂತಿ ಹಿಡಿದರೆ ಕೈ ಸುಡುತ್ತೆ, ಅದನ್ನೂ ಹೇಳಿ.


ನಿವೃತ್ತ ಮುಖ್ಯೋಪಾಧ್ಯಾಯ | ಮಂಗಳವಾರ, ರಾತ್ರಿ 8:15

ಚಾಮರಾಜನಗರದ ತಾಯಿ ಹೇಳಿದ ಕಷ್ಟ ನಿಜವಾದದ್ದು. ಶಿಕ್ಷಕರಿಲ್ಲದ ಕಡೆ ಉತ್ಸಾಹದ ಮಾತು ಮಾತ್ರ ಆಡಿದರೆ ಅನ್ಯಾಯವಾಗುತ್ತದೆ.

ಆದರೂ ಒಂದು ನೆನಪಿಸುತ್ತೇನೆ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸುವ ಕಾರ್ಯಕ್ರಮ ಆರಂಭವಾಯಿತು. ಎಲ್ಲವೂ ಹಳ್ಳಿಯ ಶಾಲೆಗಳು. 1978ರಲ್ಲಿ ಇಡೀ ಜಿಲ್ಲೆಗೆ ಹರಡಿತು. ಅವರು ಪರೀಕ್ಷೆಯನ್ನೂ ಬದಲಿಸಿದ್ದರು. ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದಿತ್ತು, ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇತ್ತು. 2002ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಸೈಕಲ್ ವಾಲ್ವ್ ಟ್ಯೂಬು, ಬೆಂಕಿಕಡ್ಡಿ ಸೇರಿಸಿ ಆಕೃತಿ ಮಾಡಿಸುತ್ತೇವಲ್ಲ, ಅದನ್ನು ಅರವಿಂದ ಗುಪ್ತಾ ರೂಪಿಸಿದ್ದು ಆ ಕಾರ್ಯಕ್ರಮದ ಜೊತೆ ಇದ್ದಾಗಲೇ. ಮೂವತ್ತು ವರ್ಷ ನಡೆದದ್ದು ನಿಂತಿತಲ್ಲ ಎಂಬ ನೋವು ನನಗೆ ಇಂದಿಗೂ ಇದೆ.


ತೋಟದ ಬಾವಿ, ಶಿವಮೊಗ್ಗ | ಮಂಗಳವಾರ, ರಾತ್ರಿ 9:00

ಗಾಳಿಯ ಒತ್ತಡ ಹೇಗೆ ಹೇಳೋದು ಅಂತ ಮೇಷ್ಟ್ರು ಕೇಳಿದ್ದಕ್ಕೆ ಬರ್ತೀನಿ. ನಾನು ಬಾವಿಯಿಂದ ಶುರು ಮಾಡ್ತೀನಿ.

ನಮ್ಮ ಮಕ್ಕಳೆಲ್ಲ ತೋಟದ ಮನೆಯವರು. ಬೇಸಿಗೆಯಲ್ಲಿ ಬಾವಿ ನೀರು ಇಳಿದ ಹಾಗೆ ದಂಡೆ ಮೇಲಿದ್ದ ಮೋಟಾರನ್ನ ಹಗ್ಗ ಕಟ್ಟಿ, ಬಾವಿ ಒಳಗಿನ ಕಟ್ಟೆಗೆ ಇಳಿಸ್ತಾರೆ. 'ಯಾಕೆ ಇಳಿಸ್ತಾರೆ?' ಅಂತ ಕೇಳ್ದೆ. 'ಮೇಲಿಂದ ನೀರು ಎತ್ತಲ್ಲ' ಅಂತ ಎಲ್ಲರೂ. 'ಹಾಗಾದ್ರೆ ದೊಡ್ಡ ಮೋಟಾರ್ ತಂದ್ರೆ?' ಅಂದೆ. 'ಎತ್ತುತ್ತೆ' ಅಂತ ಮುಕ್ಕಾಲು ಕ್ಲಾಸು. ಹಿಂದಿನ ಬೆಂಚಿಂದ ಒಬ್ಬಳು ಮೆಲ್ಲಗೆ, 'ನಮ್ಮಪ್ಪ ಐದು ಎಚ್‌ಪಿ ತಂದು ನೋಡಿದ್ರು ಸಾರ್, ಆಗ್ಲಿಲ್ಲ' ಅಂದಳು. ಕ್ಲಾಸು ನಿಶ್ಶಬ್ದ.

ಅಲ್ಲಿಂದ ಹೇಳಿದೆ. ಮೋಟಾರ್ ನೀರನ್ನ ಎಳೆಯಲ್ಲ. ಅದು ಪೈಪಿನೊಳಗೆ ಒತ್ತಡ ಕಡಿಮೆ ಮಾಡುತ್ತೆ, ಹೊರಗೆ ಬಾವಿ ನೀರಿನ ಮೇಲೆ ಕೂತ ಗಾಳಿ ನೀರನ್ನ ಪೈಪಿನೊಳಕ್ಕೆ ತಳ್ಳುತ್ತೆ. ಆ ಗಾಳಿಗೆ ಎಷ್ಟು ತಾಕತ್ತಿದೆಯೋ ಅಷ್ಟೇ. ಸಮುದ್ರ ಮಟ್ಟದಲ್ಲಿ ಹೆಚ್ಚೆಂದರೆ 10.3 ಮೀಟರ್. ಪೈಪಿನ ಸೋರಿಕೆ, ಘರ್ಷಣೆ ಎಲ್ಲ ಕಳೆದು ನಮಗೆ ದಕ್ಕೋದು ಆರೇಳು ಮೀಟರ್. ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ನೀರಿನೊಳಗೇ ಕೂತು ಕೆಳಗಿಂದ ತಳ್ಳೋದರಿಂದ ಅದಕ್ಕೆ ಈ ಮಿತಿ ಇಲ್ಲ. ಎಳನೀರಿಗೆ ಸ್ಟ್ರಾ ಹಾಕಿ ಕುಡಿಯೋದೂ ಇದೇ ಕಥೆ.

ಮೇಷ್ಟ್ರೇ, ನಿಮ್ಮೂರಲ್ಲಿ ಆ 10.3 ಮೀಟರ್ ಸುಮಾರು 9.3 ಆಗುತ್ತೆ. ಗಾಳಿ ನೀರನ್ನ ಎತ್ತೋದು ಕಡಿಮೆ, ನೀರಿನ ಮೇಲೆ ಒತ್ತಿ ಕೂರೋದೂ ಕಡಿಮೆ. ಅದಕ್ಕೇ ನೀರಿನೊಳಗಿನ ಆವಿಗುಳ್ಳೆ ಬೇಗ ಅರಳಿ ಮೇಲೆ ಬರುತ್ತೆ.


ಉಡುಪಿ ಟೀಚರ್ | ಮಂಗಳವಾರ, ರಾತ್ರಿ 9:35

ಬಾವಿಯ ಉದಾಹರಣೆ ನಾಳೆಯೇ ಹೇಳುತ್ತೇನೆ. ನಮ್ಮಲ್ಲೂ ಮನೆಮನೆಗೆ ಬಾವಿ ಉಂಟು.

ಒತ್ತಡ ಇಳಿದರೆ ಬೇಗ ಕುದಿಯುತ್ತದೆ ಎಂಬುದನ್ನು ಕಣ್ಣಿಗೆ ತೋರಿಸಲಿಕ್ಕೆ ಸಿರಿಂಜ್ ಸಾಕು. ಸೂಜಿ ಇಲ್ಲದ ಹೊಸ ಸಿರಿಂಜಿನಲ್ಲಿ ಕಾಲು ಭಾಗ ಬಿಸಿನೀರು ತೆಗೆದುಕೊಳ್ಳಿ, 60–70 ಡಿಗ್ರಿ ಇರಲಿ. ಒಳಗಿನ ಗಾಳಿ ಹೊರಗೆ ತಳ್ಳಿ, ಮೂತಿಯನ್ನು ರಬ್ಬರಿನ ತುಂಡಿನಿಂದ ಒತ್ತಿ ಮುಚ್ಚಿ, ದಂಡವನ್ನು ಹಿಂದಕ್ಕೆ ಎಳೆಯಿರಿ. ಒಲೆ ಇಲ್ಲ, ಬೆಂಕಿ ಇಲ್ಲ, ನೀರು ಗುಳುಗುಳು ಕುದಿಯುತ್ತದೆ. ಬಿಟ್ಟರೆ ನಿಲ್ಲುತ್ತದೆ. ನೀರು ಬಿಸಿ ಇರುವುದರಿಂದ ಇದನ್ನು ಟೀಚರೇ ಮಾಡಿ ತೋರಿಸಬೇಕು. ಚಾಮರಾಜನಗರದ ಮೇಡಂಗೆ ಇದು ಆದೀತು, ಫ್ಲಾಸ್ಕಿನಲ್ಲಿ ಬಿಸಿನೀರು ತಂದರೆ ಐದು ನಿಮಿಷದ ಕೆಲಸ.

ಇನ್ನೊಂದು ವಿಷಯ ತುಂಬ ದಿನದಿಂದ ಕೇಳಬೇಕು ಎಂದಿದ್ದೆ. 'ಉಷ್ಣ' ಎಂಬ ಶಬ್ದ ಬಂದ ಕೂಡಲೇ ನಮ್ಮ ಮಕ್ಕಳು ಎಳ್ಳು ಉಷ್ಣ, ಮಜ್ಜಿಗೆ ತಂಪು ಎನ್ನುತ್ತಾರೆ. ಬಿಸಿ ಬಿಸಿ ಕೊತ್ತಂಬರಿ ಕಷಾಯ 'ತಂಪು' ಹೇಗೆ ಎಂದು ಒಬ್ಬ ಕೇಳಿದ. ನಾನು ಅಜ್ಜಿಯ ಮಾತನ್ನು ತಪ್ಪು ಎನ್ನಲಿಲ್ಲ. ಬೋರ್ಡಿನಲ್ಲಿ 'ಮನೆಯ ಮಾತು', 'ಪಾಠದ ಮಾತು' ಎಂದು ಎರಡು ಸಾಲು ಮಾಡಿದೆ. ನೀವು ಏನು ಮಾಡುತ್ತೀರಿ?


ಕಲಬುರಗಿ ಬಿಸಿಲು | ಮಂಗಳವಾರ, ರಾತ್ರಿ 10:05

ಛಲೋ ಕೇಳಿದ್ರಿ ಟೀಚರ್. ಶಾಖ ಬ್ಯಾರೆ, ತಾಪ ಬ್ಯಾರೆ ಅನ್ನೂದು ಹುಡುಗ್ರಿಗಿ ಹತ್ತೂದೇ ಇಲ್ಲ. ನಾ ಊದಿನಕಡ್ಡಿ ತಗೋತೀನಿ. ಅದರ ತುದಿ ಕೆಂಪಗ ಉರೀತದ, ಜಳಕದ ಹಂಡೆದಾಗಿನ ನೀರಿಗಿಂತ ಭಾಳ ಬಿಸಿ. ಆದ್ರ ಊದಿನಕಡ್ಡಿ ಹಚ್ಚಿ ಹಂಡೆ ನೀರು ಕಾಸ್ತೀರೇನು ಅಂತ ಕೇಳ್ತೀನಿ. ನಗ್ತಾವ. 'ತಾಪ ಅದಕ್ಕ ಜಾಸ್ತಿ, ಹಂಡೇಕ ಕೊಡ್ಬೇಕಾದ ಶಾಖ ಜಾಸ್ತಿ' ಅಂತ ತಾವೇ ಹೇಳ್ತಾವ.

ಗಡಿಗಿ ನೀರು ಯಾಕ ತಣ್ಣಗ ಅಂತೂ ಕೇಳ್ರಿ. ಹ್ವಾದ ಮಾರ್ಚಿನಾಗ ಎರಡು ಥರ್ಮಾಮೀಟರ್ ಇಟ್ಟಿದ್ವಿ, ಒಂದರ ಬುಡಕ್ಕ ಒದ್ದಿ ಅರಬಿ ಸುತ್ತಿ. ಒಣದು 38, ಒದ್ದಿದು 23! ಹುಡುಗ್ರು ನಂಬ್ಲಿಲ್ಲ, ಅರಬಿ ಬಿಚ್ಚಿ ಅದಲು ಬದಲು ಮಾಡಿ ಮತ್ತ ನೋಡಿದ್ರು.


ಉಡುಪಿ ಟೀಚರ್ | ಬುಧವಾರ, ಸಂಜೆ 5:10

ನಾವೂ ಇವತ್ತು ಒದ್ದೆ ಬಟ್ಟೆ ಸುತ್ತಿ ನೋಡಿದೆವು. ಒಣಗಿದ್ದರಲ್ಲಿ 32, ಒದ್ದೆಯದ್ದರಲ್ಲಿ 28. ನಾಲ್ಕೇ ಡಿಗ್ರಿ ವ್ಯತ್ಯಾಸ. ನಮ್ಮಲ್ಲಿ ಮಡಕೆ ನೀರು ಯಾಕೆ ಅಷ್ಟು ತಂಪಾಗುವುದಿಲ್ಲ ಎಂದು ಮಕ್ಕಳಿಗೆ ಈಗ ಗೊತ್ತಾಯಿತು, ಗಾಳಿಯಲ್ಲಿ ಮೊದಲೇ ನೀರು ತುಂಬಿದೆ, ಬೆವರೂ ಆರುವುದಿಲ್ಲ, ಮಡಕೆಯೂ ಆರುವುದಿಲ್ಲ. ಕಲಬುರಗಿಯ ಲೆಕ್ಕ ಓದಿ ಹೇಳಿದಾಗ 'ಟೀಚರ್, ಅಲ್ಲಿ ಬಟ್ಟೆ ಎಷ್ಟು ಬೇಗ ಒಣಗಬಹುದು!' ಎಂದರು.


ಪೋಷಕಿ, ಬೆಂಗಳೂರು | ಬುಧವಾರ, ರಾತ್ರಿ 7:40

ನನ್ನ ಮಗಳು ಏಳನೇ ಕ್ಲಾಸು. ಇದೆಲ್ಲ ಅವಳಿಗೆ ಓದಿ ಹೇಳಿದೆ, ತುಂಬ ಖುಷಿಪಟ್ಟಳು. ಆದರೆ ಒಂದು ಆತಂಕ. ಬೆಂಗಳೂರು 920 ಮೀಟರ್, ಇಲ್ಲೂ 97 ತಾನೇ? ಪರೀಕ್ಷೆಯಲ್ಲಿ ಅವಳು 97 ಅಂತ ಬರೆದರೆ ಮಾರ್ಕ್ಸ್ ಹೋಗುತ್ತೆ. ಮಕ್ಕಳು ಎರಡು ಉತ್ತರ ಹೇಗೆ ನಿಭಾಯಿಸ್ತಾರೆ?


ಹೈಸ್ಕೂಲ್ ಭೌತಶಾಸ್ತ್ರ | ಬುಧವಾರ, ರಾತ್ರಿ 8:20

ಅಮ್ಮಾ, ಎರಡು ಉತ್ತರ ಅಲ್ಲ. 'ಸಮುದ್ರ ಮಟ್ಟದ ಒತ್ತಡದಲ್ಲಿ 100 ಡಿಗ್ರಿ ಸೆಲ್ಸಿಯಸ್' ಅಂತ ಪೂರ್ತಿ ಬರೆಯೋಕೆ ಹೇಳಿ. ಯಾವ ಮೇಷ್ಟ್ರೂ ಮಾರ್ಕ್ಸ್ ಕಳೆಯಲ್ಲ. ನಿನ್ನೆ ಬೆಳಗ್ಗೆ 100 ಸಾಕು ಅಂದವನೇ ನಾನು. ಈಗ ಹಾಗೆ ಅನ್ನಲಾರೆ. ಷರತ್ತು ಸೇರಿಸಿ ಹೇಳಿಕೊಟ್ಟರೆ ನನ್ನ ಹತ್ರ ಬರುವಾಗ ಅರ್ಧ ಕೆಲಸ ಆಗಿರುತ್ತೆ. ಕುಕ್ಕರನ್ನೂ ತೋರಿಸಿ. ಅಲ್ಲಿ ಒತ್ತಡ ಹೆಚ್ಚು, ನೀರು 120ರ ಆಸುಪಾಸಿನವರೆಗೂ ಕುದಿಯೋಲ್ಲ, ಬೇಳೆ ಬೇಗ ಬೇಯುತ್ತೆ.

ಜ್ವರ ನೋಡೋ ಥರ್ಮಾಮೀಟರನ್ನ ಯಾರೂ ಬಿಸಿನೀರಿಗೆ ಹಾಕಬೇಡಿ. ಅದು 42ರವರೆಗೆ ಮಾತ್ರ, ಒಡೆದುಹೋಗುತ್ತೆ. ಪಾದರಸದ್ದಾದರೆ ಅಪಾಯ. ಕೆಂಪು ದ್ರವದ, 110ರವರೆಗಿನದು ತಗೊಳ್ಳಿ.


ಚಿಕ್ಕಬಳ್ಳಾಪುರದ ಮೇಷ್ಟ್ರು | ಗುರುವಾರ, ರಾತ್ರಿ 9:10

ಇವತ್ತು ನಡೆದದ್ದು ಬರೀತೀನಿ.

ಕ್ಲಾಸಿಗೆ ಹೋಗಿ ಮೊದಲು ಹೇಳಿದೆ: 'ಮೊನ್ನೆ ನೀವು ಓದಿದ್ದು ಸರಿ. ನಾನು ಅಳಿಸೋಕೆ ಹೇಳಿದ್ದು ತಪ್ಪು. ನಿಮ್ಮ ಅಂಕಿ ವಾಪಸ್ ಬರ್ಕೊಳ್ಳಿ.' ಆ ಹುಡುಗಿ ರಬ್ಬರ್ ತೆಗೀಲಿಲ್ಲ. 100ಕ್ಕೆ ಒಂದು ಗೆರೆ ಎಳೆದು ಪಕ್ಕದಲ್ಲಿ 97 ಬರೆದಳು. ಯಾಕಮ್ಮಾ ಅಂದ್ರೆ, 'ಎರಡೂ ಇರ್ಲಿ ಸಾರ್, ಮೊದ್ಲು ಏನಂದ್ಕೊಂಡಿದ್ವಿ ಅಂತ ಗೊತ್ತಾಗ್ಬೇಕಲ್ಲ' ಅಂದಳು. ಕಲಬುರಗಿ ಸರ್ ಹೇಳಿದ್ದನ್ನೇ ಅವಳು ಯಾರೂ ಹೇಳಿಕೊಡದೆ ಮಾಡಿದಳು.

ಬೇಕರಿಯ ಐಸಿನಲ್ಲಿ ಥರ್ಮಾಮೀಟರ್ ಇಟ್ಟು ನೋಡಿದ್ವಿ. ಸೊನ್ನೆಗೆ ಕೂದಲೆಳೆಯಷ್ಟು ಮೇಲೆ ನಿಂತಿತು. ಆಮೇಲೆ ಮತ್ತೆ ನೀರು ಕುದಿಸಿದ್ವಿ, 97. ಹುಡುಗನ ಪ್ರಶ್ನೆಗೆ ಅಡುಗೆಯ ಅಕ್ಕನೇ ದಾರಿ ಮಾಡಿಕೊಟ್ಟರು. 'ಎಸರು ಬಂದ್ಮೇಲೆ ಉರಿ ಜಾಸ್ತಿ ಮಾಡಿದ್ರೆ ನೀರು ಬೇಗ ಇಂಗುತ್ತೆ ಅಷ್ಟೇ ಕಣಪ್ಪ' ಅಂದರು. ಉರಿ ಜಾಸ್ತಿ ಮಾಡಿ ನೋಡಿದ್ವಿ. ಅಂಕಿ ಏರಲಿಲ್ಲ. ಅದೇ ಐದು ನಿಮಿಷದಲ್ಲಿ ನೀರು ಮಾತ್ರ ಮೊದಲಿಗಿಂತ ಜಾಸ್ತಿ ಕಡಿಮೆ ಆಯ್ತು, ಅದನ್ನ ಅಳತೆ ಲೋಟದಲ್ಲಿ ಅಳೆದ್ವಿ. ಶಾಖ ಎಲ್ಲಿಗೆ ಹೋಯ್ತು ಅಂತ ನಾನು ಹೇಳಬೇಕಾಗಲೇ ಇಲ್ಲ.

ಈಗ ಒಂದು ಸಹಾಯ ಬೇಕು. ಬೇರೆ ಬೇರೆ ಊರಿನವರು ಇದ್ದೀರಿ. ನಿಮ್ಮಲ್ಲಿ ಎಷ್ಟಕ್ಕೆ ಕುದಿಯುತ್ತೆ, ನೋಡಿ ಬರೀತೀರಾ? ಮಕ್ಕಳಿಗೆ ತೋರಿಸ್ತೀನಿ.


ಮಡಿಕೇರಿ ಮಂಜು | ಶುಕ್ರವಾರ, ಸಂಜೆ 4:30

ಇಷ್ಟು ದಿನ ಓದ್ತಾ ಇದ್ದೆ. ನಮ್ಮಲ್ಲಿ 96. ಊರು ಸುಮಾರು 1150 ಮೀಟರ್. ಲೆಕ್ಕಕ್ಕೆ ಕೂತಿದೆ.


ಕಲಬುರಗಿ ಬಿಸಿಲು | ಶುಕ್ರವಾರ, ಸಂಜೆ 5:45

ನಮ್ಮದು 98, 99ರ ನಡುವ. ಒಬ್ಬ 98 ಅಂತಾನ, ಒಬ್ಬಾಕಿ 99 ಅಂತಾಳ. ಜಗಳಾನೇ ಆತು. ಕಣ್ಣು ಗೆರಿ ಸಮ ಇಟ್ಟು ಓದ್ಬೇಕು ಅಂತ ಇವತ್ತ ಅವರಿಗಿ ಖರೇನೇ ತಿಳೀತು.


ಉಡುಪಿ ಟೀಚರ್ | ಶುಕ್ರವಾರ, ರಾತ್ರಿ 8:50

ನಮ್ಮದು 102 ಬಂತು! ಮಕ್ಕಳು ಗಾಬರಿಯಾದರು, ಒಬ್ಬ 'ಟೀಚರ್, 100 ಅಂತ ಬರೆಯುವುದಾ?' ಎಂದು ಕೇಳಿದ. ಬೇಡ, 102 ಎಂದೇ ಬರಿ ಎಂದೆ. ಆಮೇಲೆ ಐಸ್ ತರಿಸಿ ನೋಡಿದರೆ ಅಲ್ಲಿ ಸೊನ್ನೆಯ ಬದಲು 2 ತೋರಿಸಿತು. ಈಗ ಪಟ್ಟಿಯಲ್ಲಿ ಮೂರು ಅಂಕಿ ಉಂಟು: 102, ಐಸಿನಲ್ಲಿ 2, ತಿದ್ದಿದ್ದು 100.


ಚಿಕ್ಕಬಳ್ಳಾಪುರದ ಮೇಷ್ಟ್ರು | ಶುಕ್ರವಾರ, ರಾತ್ರಿ 9:30

ಎಲ್ಲರಿಗೂ ಹೇಗೆ ಧನ್ಯವಾದ ಹೇಳಲಿ ಗೊತ್ತಾಗ್ತಿಲ್ಲ. ನಾಲ್ಕೂ ಊರಿನ ಎತ್ತರ, ಅಂಕಿ ಬೋರ್ಡ್ ಮೇಲೆ ಬರೀತೀನಿ. ಉಡುಪಿಯ 102 ಕೂಡ ಬರೀತೀನಿ.

ಇವತ್ತು ಸಂಜೆ ಗೇಟಿನ ಹತ್ರ ನಿಂತಿದ್ದಾಗ ಅದೇ ಹುಡುಗ ನಂದಿಬೆಟ್ಟದ ಕಡೆ ಕೈ ತೋರಿಸಿ, 'ಸಾರ್, ಅದರ ಮೇಲೆ?' ಅಂದ. ಬೆಟ್ಟ 1478 ಮೀಟರ್. ನಾನು ಉತ್ತರ ಹೇಳಲಿಲ್ಲ. ನಾಳೆ ಎಲ್ಲರೂ ಊಹೆ ಬರೆದು ಗೆರೆ ಹಾಕ್ತಾರೆ. ಆದರೆ ಮಕ್ಕಳನ್ನ ಕರ್ಕೊಂಡು ಹೋಗೋಕೆ ಅನುಮತಿ, ಗಾಡಿ ಎಲ್ಲ ಆಗೋ ಹೊತ್ತಿಗೆ ವರ್ಷ ಮುಗೀಬಹುದು.


ಪೋಷಕಿ, ಬೆಂಗಳೂರು | ಶುಕ್ರವಾರ, ರಾತ್ರಿ 9:48

ಸರ್, ಈ ಭಾನುವಾರ ನಾವು ನಂದಿಬೆಟ್ಟಕ್ಕೆ ಹೋಗ್ತಿದ್ದೀವಿ. ಮೇಲೆ ಟೀ ಕಾಯಿಸೋರು ಯಾರಾದರೂ ಇದ್ದೇ ಇರ್ತಾರೆ, ಕೇಳಿದರೆ ಒಂದು ಪಾತ್ರೆ ನೀರು ಕುದಿಸಿಕೊಡಬಹುದು. ಮಗಳು ಈಗಲೇ ನೋಟ್‌ಬುಕ್ ತೆಗೆದು ಕೂತಿದ್ದಾಳೆ, ಅವಳ ಊಹೆ 95. ನಿಮ್ಮ ಮಕ್ಕಳು ಐಸಿನಲ್ಲಿಟ್ಟು ನೋಡಿದ ಥರ್ಮಾಮೀಟರೇ ಆದರೆ ಒಳ್ಳೇದು. ದಾರಿಯಲ್ಲಿ ನಿಮ್ಮ ಶಾಲೆ ಹತ್ರ ಬಂದು ತಗೋಬಹುದಾ?


ಚಿಕ್ಕಬಳ್ಳಾಪುರದ ಮೇಷ್ಟ್ರು | ಶುಕ್ರವಾರ, ರಾತ್ರಿ 9:55

ಖಂಡಿತ ಬನ್ನಿ ಅಮ್ಮ, ಭಾನುವಾರ ಬೆಳಗ್ಗೆ ನಾನು ಗೇಟಿನ ಹತ್ರವೇ ಇರ್ತೀನಿ, ಹತ್ತಿಯಲ್ಲಿ ಸುತ್ತಿ ಕೊಡ್ತೀನಿ. ಥರ್ಮಾಮೀಟರಿನ ಬುಡ ಪಾತ್ರೆಯ ತಳಕ್ಕೆ ತಾಗಬಾರದು ಅಂತ ಮಗಳಿಗೆ ಹೇಳಿ. ದೊಡ್ಡ ಗುಳ್ಳೆ ಎದ್ದ ಮೇಲೂ ಎರಡು ನಿಮಿಷ ಕಾದು ಓದಲಿ. ಏನು ಬರುತ್ತೋ ಅದನ್ನೇ ಬರೀಲಿ.